ಎಂಜಿನ್ ಉಳಿಯಿತು, ಹಲಗೆ ಸೀಟು ಎಲ್ಲಿ?

ಪತ್ರ: "ಹೋದ ತಿಂಗಳು ಮಿರಜಕ್ಕೆ ಹೋಗಿದ್ದೆ. ಚಿಕ್ಕವಳಿದ್ದಾಗ ಅಲ್ಲಿ ಗಾಡಿ ಬದಲಾಯಿಸಿ ಊರಿಗೆ ಹೋಗುತ್ತಿದ್ದೆವು. ಆ ಕಪ್ಪು ಎಂಜಿನ್, ಅದರ ಕೂಗು, ಹೊಗೆ ಎಲ್ಲ ನೆನಪಾಗಿ ಕಣ್ಣು ತುಂಬಿತು. ಮಗ ಬೈದ. 'ಆ ಡಬ್ಬಿಗಳಲ್ಲಿ ಕೂತು ಬೆನ್ನು ನೋಯಿಸಿಕೊಂಡಿದ್ದು ಮರೆತೆಯಾ? ಈಗಿನ ಬೋಗಿ ಎಷ್ಟೋ ಮೇಲು' ಅಂದ. ಪ್ರಯಾಣಕ್ಕೆ ಹಾಸಿಗೆ ಸುತ್ತಿ ಒಯ್ಯುತ್ತಿದ್ದ ಅಪ್ಪನ ಹೋಲ್ಡಾಲ್ ಇನ್ನೂ ಅಟ್ಟದ ಮೇಲಿದೆ. ಅದನ್ನೂ ಎಸೆಯಬೇಕಂತೆ. ಇದು ಬರೀ ವಯಸ್ಸಾದವರ ಹಳಹಳಿಯೇ?"
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಅಲ್ಲ ಅಕ್ಕಾ, ಹಳಹಳಿ ಅಲ್ಲ. ನಿಮ್ಮ ಮಗನ ಮಾತನ್ನು ಮೊದಲು ಒಪ್ಪಿಬಿಡುತ್ತೇನೆ. ಎಲ್‌ಎಚ್‌ಬಿ ಅನ್ನುವ ಈಗಿನ ಮಾದರಿಯ ಬೋಗಿ ಗಟ್ಟಿ. ಡಿಕ್ಕಿಯಾದಾಗ ಒಂದರ ಮೇಲೊಂದು ಹತ್ತದಂತೆ ಅದನ್ನು ಕಟ್ಟಿದ್ದಾರೆ. ಜೀವ ಉಳಿಸುವುದನ್ನು ಬೇಡ ಅನ್ನಲು ಆಗುತ್ತದೆಯೇ? ಮರದ ಬೋಗಿ ಮತ್ತೆ ಓಡಲಿ ಅಂತ ನೀವೂ ಕೇಳಿಲ್ಲ, ನಾನೂ ಕೇಳುವುದಿಲ್ಲ.

ನನ್ನ ತಕರಾರು ಇರುವುದು ನಿಮ್ಮ ಜೊತೆ. ಕಣ್ಣು ತುಂಬಿದ್ದು ಎಂಜಿನ್ ನೆನೆದು. ಬೋಗಿಯ ಮಾತು ಬಂದದ್ದು ಮಗ ಬೈದಾಗ ಮಾತ್ರ. ಅಕ್ಕಾ, ನೀವು ಕೂತಿದ್ದು ಎಂಜಿನ್‌ನಲ್ಲಿ ಅಲ್ಲವಲ್ಲ?

ನಾವೆಲ್ಲ ಮಾಡುವುದು ಇದನ್ನೇ. ಎಷ್ಟೋ ಸ್ಟೇಷನ್‌ಗಳ ಮುಂದೆ ಕಟ್ಟೆ ಕಟ್ಟಿ, ಬಣ್ಣ ಬಳಿದು, ಹಳೆಯ ಎಂಜಿನ್ ನಿಲ್ಲಿಸಿದ್ದಾರೆ. ಅದು ಕಬ್ಬಿಣ, ಮಳೆಗಾಲವನ್ನು ತಡೆದುಕೊಳ್ಳುತ್ತದೆ. ಮರದ ಬೋಗಿಗೆ ಮೇಲೊಂದು ಚಾವಣಿ ಬೇಕು, ವರ್ಷ ವರ್ಷ ಕೈ ಆಡಿಸಬೇಕು. ಅಷ್ಟು ಯಾರು ಮಾಡುತ್ತಾರೆ? ಅದು ಗುಜರಿಗೆ ಹೋಯಿತು.

ಮಿರಜದಂಥ ಸ್ಟೇಷನ್ ನಮ್ಮ ದೇಶದಲ್ಲಿ ಕಡಿಮೆ. ಮೂರು ಅಳತೆಯ ಹಳಿ ಅಲ್ಲಿ ಸೇರುತ್ತಿದ್ದವು. ಮುಂಬೈ ಕಡೆಯಿಂದ ಬರುವ ಬ್ರಾಡ್ ಗೇಜ್‌ನಲ್ಲಿ ಎರಡು ಹಳಿಗಳ ನಡುವಿನ ಅಂತರ 1676 ಮಿಲಿಮೀಟರ್. ಬೆಳಗಾವಿ, ಹುಬ್ಬಳ್ಳಿ ಕಡೆಗೆ ಹೋಗುತ್ತಿದ್ದ ಮೀಟರ್ ಗೇಜ್‌ನದು 1000. ಪಂಢರಪುರದ ಕಡೆಯಿಂದ ಬರುತ್ತಿದ್ದ ಬಾರ್ಸಿ ಲೈಟ್ ರೈಲ್ವೆಯದು ಬರೀ 762. ಆ ಪುಟ್ಟ ಗಾಡಿ 1927ರಲ್ಲಿ ಮಿರಜದವರೆಗೆ ಬಂತು. ವಿಠ್ಠಲನ ದರ್ಶನಕ್ಕೆ ಹೊರಟ ನಮ್ಮ ಕಡೆಯ ಎಷ್ಟು ಜನ ಅದರಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿರಬೇಡ!

ನನಗೆ ಎಂಟು ವರ್ಷ. ರಾತ್ರಿಯೆಲ್ಲ ದೊಡ್ಡ ಗಾಡಿಯಲ್ಲಿ ಬಂದು ಬೆಳಗಿನ ಜಾವ ಮಿರಜದಲ್ಲಿ ಇಳಿಯುತ್ತಿದ್ದೆವು. ಹಮಾಲನ ತಲೆ ಮೇಲೆ ಟ್ರಂಕು. ಅವ್ವನ ಕೈಯಲ್ಲಿ ನೀರಿನ ಹೂಜಿ. ಈ ಕಡೆ ಇನ್ನೂ ಮರಾಠಿ. ಆ ಕಡೆ ಬೆಳಗಾವಿಗೆ ಹೋಗುವ ಮೀಟರ್ ಗೇಜಿನ ಸಣ್ಣ ಗಾಡಿ ನಿಂತಿರುತ್ತಿತ್ತು, ಅದರ ಕಿಟಕಿಯಿಂದ "ಏ ತಮ್ಮಾ, ಇಲ್ಲಿ ಜಾಗ ಐತಿ ಬಾ" ಅನ್ನುವ ದನಿ. ಅಪ್ಪ ಅಲ್ಲಿಂದ ಮುಂದೆ ಬೇರೆಯೇ ಮನುಷ್ಯ. ಮುಂಬೈಯಲ್ಲಿ ತುಟಿ ಬಿಚ್ಚದವರು ಆ ಹಲಗೆ ಸೀಟಿನ ಮೇಲೆ ಕೂತ ಕೂಡಲೇ ಎದುರಿನವರ ಊರು, ಬೀಗರು, ಬೆಳೆ ಎಲ್ಲ ಕೇಳುತ್ತಿದ್ದರು. ಬೋಗಿ ಅಗಲ ಕಡಿಮೆ. ಎದುರಿನವರ ಬುತ್ತಿ ನಮ್ಮ ತೊಡೆಗೇ ಬರುತ್ತಿತ್ತು. ಕಟಕ್ ರೊಟ್ಟಿ, ಶೇಂಗಾ ಚಟ್ನಿ. ಮರದ ಪಟ್ಟಿಯ ಶಟರ್ ಎತ್ತಿ ಸಿಕ್ಕಿಸುವ ಕೆಲಸ ನನ್ನದು. ಒಮ್ಮೆ ಕೈಜಾರಿ ಬೆರಳ ಮೇಲೆ ಬಿದ್ದಿತ್ತು. ಉಗುರು ಕಪ್ಪಾಗಿತ್ತು. ಕುಡಚಿ ಹತ್ತಿರ ಕೃಷ್ಣೆ ಬಂದಾಗ ಎಲ್ಲರೂ ಕಿಟಕಿಗೆ ಮುಗಿಬಿದ್ದು ದುಡ್ಡು ಎಸೆಯುವುದು, ಕೈ ಮುಗಿಯುವುದು. ಇಷ್ಟೂ ನಡೆದದ್ದು ಬೋಗಿಯೊಳಗೆ, ಅಲ್ವಾ?

ಇನ್ನೊಂದು ಮಾತು. ಬೋಗಿಗಳೇ ಉಳಿದಿಲ್ಲ ಅಂತಲ್ಲ. ಮೈಸೂರಿನ ರೈಲು ಮ್ಯೂಸಿಯಂನಲ್ಲಿ ಮಹಾರಾಣಿಯವರ ಸಲೂನ್ ಇದೆ. ಅಡುಗೆಮನೆ ಸಮೇತ. ನೋಡಿ ಬನ್ನಿ, ಚೆಂದ ಇದೆ. ಮುಂಬೈ–ಪುಣೆ ನಡುವಿನ ಡೆಕ್ಕನ್ ಕ್ವೀನ್ ಗಾಡಿಯ ಬಗ್ಗೆ ಕೇಳಿದರೆ ಪುಣೆಯವರು ಬಣ್ಣ ಸಮೇತ ಹೇಳುತ್ತಾರೆ. 1930ರ ಜೂನ್ 1ರಂದು ಏಳು ಬೋಗಿಯಲ್ಲಿ ಹೊರಟಿತು. ಆ ಬೋಗಿಗಳ ಮೇಲ್ಕಟ್ಟು ಮಾಡಿದ್ದು ನಮ್ಮ ಮಾಟುಂಗಾದ ವರ್ಕ್‌ಶಾಪಿನಲ್ಲಿ. ಆದರೆ 1955ರವರೆಗೆ ಅದರಲ್ಲಿ ಥರ್ಡ್ ಕ್ಲಾಸೇ ಇರಲಿಲ್ಲ. ಅಂದರೆ ನಮ್ಮ ಅಪ್ಪಂದಿರು ಹತ್ತುವ ಗಾಡಿ ಅದಲ್ಲ. 1917ರಲ್ಲಿ ಗಾಂಧೀಜಿ ಮುಂಬೈಯಿಂದ ಮದ್ರಾಸಿಗೆ ಥರ್ಡ್ ಕ್ಲಾಸಿನಲ್ಲಿ ಹೋದರು. 22 ಜನರ ಬೋಗಿ. ರಾಯಚೂರು ದಾಟಿದ ಮೇಲೆ ನೂಕುನುಗ್ಗಲು ತಡೆಯಲಾಗಲಿಲ್ಲ ಎಂದು ಬರೆದಿದ್ದಾರೆ. ಆ 22 ಸೀಟಿನ ಬೋಗಿಯನ್ನಲ್ಲವೇ ಮಕ್ಕಳಿಗೆ ಹತ್ತಿಸಿ ತೋರಿಸಬೇಕಾದ್ದು? 2021ರಲ್ಲಿ ಮುಂಬೈಯ ಸಿಎಸ್‌ಎಮ್‌ಟಿ ಸ್ಟೇಷನ್‌ನಲ್ಲಿ ಹಳೆಯ ಬೋಗಿಯೊಂದು ಹೋಟೆಲ್ ಆಯಿತು. ಬೋಗಿ ಉಳಿಯಿತು, ಸಂತೋಷ. ಸೀಟು ಹೋಗಿ ಟೇಬಲ್ ಬಂತು.

ರೈಲಿನವರನ್ನೇ ಅಂದು ಏನು ಪ್ರಯೋಜನ? ಮುಂಬೈ ಕನ್ನಡಿಗರು ನಾವೇನು ಉಳಿಸಿದ್ದೇವೆ? ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ಕೋಟೆ (ಫೋರ್ಟ್) ಭಾಗದ ರಾತ್ರಿಶಾಲೆಗಳಲ್ಲಿ ಕೂತು ಮೆಟ್ರಿಕ್ ಮುಗಿಸಿದರು. ಅಂಥ ಒಂದು ಶಾಲೆ ಮುಚ್ಚಿದಾಗ ನಾನು ಹೋಗಿದ್ದೆ. ಹಿರಿಯರ ಫೋಟೋಗಳನ್ನು ಹಾರ ಸಮೇತ ಜೋಪಾನವಾಗಿ ಇಳಿಸುತ್ತಿದ್ದರು. ಬೆಂಚುಗಳನ್ನು ಕಿಲೋ ಲೆಕ್ಕದಲ್ಲಿ ಟೆಂಪೋಗೆ ಹಾಕುತ್ತಿದ್ದರು. ಬ್ಲೇಡಿನಿಂದ ಕೆತ್ತಿದ ಹೆಸರುಗಳು ಅವುಗಳ ಮೇಲೆ ಹಾಗೇ ಇದ್ದವು. ಒಂದು ಬೆಂಚು ಕೊಡಿ ಅಂದೆ. "ಇದನ್ನೇನು ಮಾಡ್ತೀರಿ ಸಾರ್?" ಅಂದರು. ನಾನು ಉತ್ತರ ಹುಡುಕುವಷ್ಟರಲ್ಲಿ ಟೆಂಪೋ ಹೊರಟಿತ್ತು. ಇವತ್ತಿಗೂ ಆ ಸಂಕಟ ಹೋಗಿಲ್ಲ.

ಹಾಗಾಗಿ, ಅಕ್ಕಾ, ಹೋಲ್ಡಾಲ್ ಎಸೆಯಬೇಡಿ. ಮಗನ ಕೈಯಲ್ಲೇ ಅಟ್ಟದಿಂದ ಇಳಿಸಿ, ಬಿಚ್ಚಿ. ಅವನಿಗೂ ಹೇಳಿ, ನನಗೂ ಬರೆದು ಕಳಿಸಿ. ಸೀಟಿನ ಮೇಲೆ ಅದನ್ನು ಹಾಸುತ್ತಿದ್ದವರು ಯಾರು? ಕಿಟಕಿ ಪಕ್ಕ ಯಾರು ಕೂರುತ್ತಿದ್ದರು? ಮಿರಜದಲ್ಲಿ ಮೊದಲು ಓಡಿಹೋಗಿ ಜಾಗ ಹಿಡಿಯುತ್ತಿದ್ದವರು ಯಾರು? ಎಂಜಿನ್ ಬೇಡ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ಖಾಲಿ ಇಟ್ಟಿರುತ್ತೇನೆ.

– ಸಂಪಾದಕ