ಪ್ರತಿಕ್ರಿಯೆ: ಲ್ಯಾಕ್ಟೋಬ್ಯಾಸಿಲಸ್ ಹಾಕಿದರೆ ಕಾಕೋ-2 ಪದರದ ಟೀರ್ ಬೀಳುತ್ತಿದೆ, ಯಾಕೆ?

ಕಾಕೋ-2 (ಲ್ಯಾಬಿನಲ್ಲಿ ಬೆಳೆಸುವ ಕರುಳಿನ ಜೀವಕೋಶ) ಪದರದ ಮೇಲೆ ಬ್ಯಾಕ್ಟೀರಿಯಾ ರಾತ್ರಿಯಿಡೀ ಇಟ್ಟ ಮೇಲೆ ಟೀರ್, ಅಂದರೆ ಪದರದ ವಿದ್ಯುತ್ ತಡೆ (ಪದರ ಸೋರಿದರೆ ಇದು ಇಳಿಯುತ್ತೆ), ಅರ್ಧಕ್ಕೆ ಇಳಿದಿದ್ದಕ್ಕೆ ಬಹುಶಃ ಆಸಿಡ್ ಕಾರಣ. ನಿಮ್ಮ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ತಳಿ ಕರುಳಿನ ತಡೆಗೋಡೆ ಕೆಡಿಸುತ್ತದೆ ಅಂತ ಈಗಲೇ ಬರೆದುಬಿಡಬೇಡಿ. ಮೀಡಿಯಂನ (ಜೀವಕೋಶ ಬೆಳೆಸುವ ದ್ರವದ) ಗ್ಲೂಕೋಸ್ ತಿಂದು ಅದು ಲ್ಯಾಕ್ಟಿಕ್ ಆಸಿಡ್ ಬಿಡುತ್ತೆ, ಅಲ್ವಾ? ಮೀಡಿಯಂನಲ್ಲಿರುವ ಫೀನಾಲ್ ರೆಡ್ ಬಣ್ಣ ಆಸಿಡ್‌ಗೆ ಹಳದಿಯಾಗುತ್ತೆ, ಹಾಗೆ ತಿರುಗಿದೆಯಾ ನೋಡಿ.

ಮೊದಲು ಸಮಯವನ್ನು 4 ಗಂಟೆಗೆ ಇಳಿಸಿ, ಒಂದು ಜೀವಕೋಶಕ್ಕೆ 10 ಬ್ಯಾಕ್ಟೀರಿಯಾದಿಂದ ಶುರು ಮಾಡಿ. ಪ್ಲೇಟಿನ ಪಕ್ಕದ ವೆಲ್‌ಗಳಲ್ಲಿ (ಗುಳಿಗಳಲ್ಲಿ) ಬಿಸಿಯಿಂದ ಸಾಯಿಸಿದ ಬ್ಯಾಕ್ಟೀರಿಯಾ, ಪಿಎಚ್ 7.4ಕ್ಕೆ ತಂದು ಸೋಸಿದ ಸೂಪರ್‌ನೇಟಂಟ್ (ಬ್ಯಾಕ್ಟೀರಿಯಾ ಬೆಳೆದ ದ್ರವ), ಇವೆರಡರ ಜೊತೆಗೆ ಹಳದಿಯಾದ ವೆಲ್‌ನಷ್ಟೇ ಪಿಎಚ್ ಬರುವ ಹಾಗೆ ಬರೀ ಲ್ಯಾಕ್ಟಿಕ್ ಆಸಿಡ್ ಹಾಕಿದ ಮೀಡಿಯಂ ಇಡಿ. ಈ ಕೊನೆಯದರಲ್ಲೂ ಟೀರ್ ಅಷ್ಟೇ ಬಿದ್ದರೆ ಆಸಿಡ್‌ದೇ ಕೆಲಸ, ಉತ್ತರ ಸಿಕ್ಕಂತೆ. ಬ್ಯಾಕ್ಟೀರಿಯಾ ಬೆಳೆಸಿದ್ದು ಎಂಆರ್‌ಎಸ್‌ನಲ್ಲಾದರೆ (ಲ್ಯಾಕ್ಟೋಬ್ಯಾಸಿಲಸ್ ಬೆಳೆಸುವ ದ್ರವ) ಖಾಲಿ ಎಂಆರ್‌ಎಸ್ ಕಂಟ್ರೋಲ್ ಕೂಡ ಬೇಕು, ಸುಮಾರು ಜನ ಇದನ್ನೇ ಬಿಡ್ತಾರೆ.

ಇನ್‌ಕ್ಯುಬೇಟರ್‌ನಿಂದ ತೆಗೆದ ಕೂಡಲೇ ಅಳೆಯಬೇಡಿ, ಪ್ಲೇಟ್ ತಣ್ಣಗಾದಂತೆ ರೀಡಿಂಗ್ ಏರುತ್ತಾ ಹೋಗುತ್ತದೆ. ಎಲ್ಲ ಪ್ಲೇಟೂ ರೂಮಿನ ತಾಪಕ್ಕೆ ಬರಲಿ. ಜೀವಕೋಶ ಹಾಕದ ಖಾಲಿ ಇನ್ಸರ್ಟ್‌ನ (ತಳದಲ್ಲಿ ಪೊರೆ ಇರುವ ಬಟ್ಟಲಿನ) ರೀಡಿಂಗ್ ಕಳೆದು, ಉಳಿದದ್ದನ್ನು ಪೊರೆಯ ವಿಸ್ತೀರ್ಣದಿಂದ ಗುಣಿಸಿ.

ಟೀರ್ ಒಂದನ್ನೇ ನಂಬಬೇಡಿ. 4 ಕಿಲೋಡಾಲ್ಟನ್ ಎಫ್‌ಐಟಿಸಿ-ಡೆಕ್ಸ್‌ಟ್ರಾನ್ (ಹೊಳೆಯುವ ಬಣ್ಣ ಅಂಟಿಸಿದ ಸಕ್ಕರೆ ಸರಪಳಿ) ಪದರ ದಾಟಿ ಕೆಳಗಿನ ಕೋಣೆಗೆ ಎಷ್ಟು ಸೋರುತ್ತೆ ಅಂತಲೂ ಅಳೆಯಿರಿ. ಆಸಿಡ್ ವೆಲ್ ಚೆನ್ನಾಗಿದ್ದು ಜೀವಂತ ಬ್ಯಾಕ್ಟೀರಿಯಾದಲ್ಲಿ ಮಾತ್ರ ಸೋರಿದರೆ, ಎಲ್‌ಡಿಎಚ್ (ಒಡೆದ ಜೀವಕೋಶದಿಂದ ಹೊರಬರುವ ಕಿಣ್ವ) ಪರೀಕ್ಷೆ ಮಾಡಿ, ಜೀವಕೋಶ ಸಾಯುತ್ತಿವೆಯಾ ನೋಡಿ. ಸಾಯುತ್ತಿದ್ದರೆ ಆ ತಳಿಯನ್ನು ಕೈಬಿಡಿ.