ಹುಡುಗನ ಆಸ್ಪತ್ರೆ ಚೀಟಿ ಯಾರ ಕೈಗೆ?

ಪ್ರಶ್ನೆ: ನಾನು ಸಕಲೇಶಪುರ ಕಡೆಯ ಹಾಸ್ಟೆಲ್ ವಾರ್ಡನ್. ಪಿಯುಸಿ ಹುಡುಗನೊಬ್ಬ ಹಾಸನದಲ್ಲಿ ಮನೋವೈದ್ಯರಿಗೆ ತೋರಿಸಿಕೊಳ್ಳುತ್ತಿದ್ದಾನೆ. ಕಾಲೇಜಿನವರು ಚೀಟಿಯ ಜೆರಾಕ್ಸ್ ಕೇಳುತ್ತಿದ್ದಾರೆ. ಕೊಡಬಹುದಾ ಮೇಡಂ?

ಉತ್ತರ: ಜೆರಾಕ್ಸ್ ಬೇಡ. ನಾನು ಕೌನ್ಸೆಲರ್ ಆಗಿದ್ದಾಗ ಒಂದು ಹುಡುಗಿಯ ಚೀಟಿಯನ್ನು ಸುಮ್ನೆ ಸ್ಟಾಫ್ ರೂಮಿನ ಟೇಬಲ್ ಮೇಲೆ ಬಿಟ್ಟಿದ್ದೆ. ಮಧ್ಯಾಹ್ನದೊಳಗೆ ಅಟೆಂಡರ್‌ವರೆಗೂ ಸುದ್ದಿ ಹೋಗಿತ್ತು. ಆಮೇಲೆ ಅವಳು ನನ್ನ ಹತ್ತಿರ ಬರಲೇ ಇಲ್ಲ. ತಪ್ಪು ನನ್ನದೇ.

ಕಾಲೇಜಿಗೆ ಕಾಯಿಲೆಯ ಹೆಸರು ಯಾಕೆ ಬೇಕು? 'ಮಾತ್ರೆಯಿಂದ ಬೆಳಗ್ಗೆ ನಿದ್ದೆ ಜಾಸ್ತಿ, ಮೊದಲ ಪೀರಿಯಡ್ಡಿಗೆ ತಡವಾದರೆ ಬೈಯಬೇಡಿ' ಅಂದರೆ ಸಾಕಲ್ವಾ? ಅದನ್ನೂ ಹುಡುಗನನ್ನು, ಅವನ ಅಪ್ಪ-ಅಮ್ಮನನ್ನು ಕೇಳಿಯೇ ಹೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ರೋಗಿಗೆ ಗುಟ್ಟಿನ ಹಕ್ಕು ಕೊಟ್ಟಿದೆ. ಜೀವಕ್ಕೆ ಅಪಾಯವಿದ್ದರೆ ವೈದ್ಯರು ಬೇಕಾದಷ್ಟು ಮಾತ್ರ ಹೇಳಲು ಅದೇ ಸೆಕ್ಷನ್ ದಾರಿಯನ್ನೂ ಬಿಟ್ಟಿದೆ.

ಹುಡುಗ 'ಸಾಯ್ತೀನಿ' ಅಂದ ದಿನ ಮಾತ್ರ ಒಪ್ಪಿಗೆಗೆ ಕಾಯಬೇಡಿ. ಒಂಟಿಯಾಗಿ ಬಿಡಬೇಡಿ. ಮನೆಯವರಿಗೂ ಡಾಕ್ಟರಿಗೂ ಆಗಲೇ ಫೋನ್ ಮಾಡಿ. ನಡುರಾತ್ರಿಯಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.