ಗದುಗಿನ ಭಾರತವನ್ನು ಗುಂಪಾಗಿ ಓದುವುದು

ಪ್ರಶ್ನೆ: ನಾವು ಹತ್ತು ಮಂದಿ, ಊರು ಬೇರೆ ಬೇರೆ. ಆನ್‌ಲೈನಿನಲ್ಲಿ ಕುಮಾರವ್ಯಾಸ ಭಾರತ ಓದಲು ಹೊರಟು ಆದಿಪರ್ವದಲ್ಲೇ ಸುಸ್ತಾದೆವು. ಎಲ್ಲಿ ತಪ್ಪಿದೆವು?

ಉತ್ತರ: ಬಹುಶಃ ವೇಗದಲ್ಲಿ. ಹತ್ತು ಪರ್ವ, ಎಂಟು ಸಾವಿರಕ್ಕೂ ಮಿಕ್ಕ ಪದ್ಯ. ದಿನಕ್ಕೆ 20ರಂತೆ ವಾರದಲ್ಲಿ ಐದು ದಿನ ಓದಿದರೂ ಒಂದೂವರೆ ವರ್ಷ ದಾಟುತ್ತದೆ. ವಿರಾಟಪರ್ವದಿಂದ ಶುರುಮಾಡಿ, ಉತ್ತರಕುಮಾರ ಎಂಥವರನ್ನೂ ಎಳೆದುಕೊಳ್ಳುತ್ತಾನೆ.

ಎಲ್ಲರೂ ಒಂದೇ ಮುದ್ರಣ ಇಟ್ಟುಕೊಳ್ಳಿ. ಪ್ರತಿ ಬದಲಾದರೆ ಪದ್ಯಸಂಖ್ಯೆಯೂ ಬದಲಾಗಬಹುದು, ಅರ್ಧ ಗಂಟೆ ಹುಡುಕಾಟಕ್ಕೇ ಹೋಗುತ್ತದೆ. ಪದ್ಯದ ಮೊದಲ ಪದವನ್ನೂ ಹೇಳಿ.

ಕಣ್ಣಲ್ಲಿ ಓದಿದರೆ ಪದ ಪದ ಬೆಸೆದ ಸಂಧಿ ಕಾಲಿಗೆ ತೊಡರುತ್ತದೆ. ‘ಕಾದಿ ಗೆಲಿದನನಣ್ಣನವ್ವೆಯ ನಾದಿನಿಯ’ ಎಂಬಲ್ಲಿ ಮೊದಲು ಮೂರು, ನಾಲ್ಕು ಮಾತ್ರೆ (ಉಚ್ಚಾರಣೆಯ ಕಾಲದ ಅಳತೆ) ಒಂದಾದ ಮೇಲೊಂದು ಬರುವ ಲಯ ಹಿಡಿದು ಗಟ್ಟಿಯಾಗಿ ಓದಿ: ಕಾದಿ, ಗೆಲಿದನ, ನಣ್ಣ, ನವ್ವೆಯ. ಆಮೇಲೆ ಪದ ಬಿಡಿಸಿ: ಗೆಲಿದನನ, ಅಣ್ಣನ, ಅವ್ವೆಯ. ಅರ್ಥ ಹೀಗೆ: ಹಿಂದಿನ ಸಾಲುಗಳು ಸೂಚಿಸುವ ಜರಾಸಂಧನನ್ನು ಗೆದ್ದ ಭೀಮ, ಅವನಣ್ಣ ಧರ್ಮರಾಯ, ಅವ್ವೆ ಕುಂತಿ, ಅವಳ ನಾದಿನಿ ದೇವಕಿ. ಲಯ ಮುರಿದಂತೆ ಕಂಡರೆ ಓದಿದ್ದೇ ತಪ್ಪಿರಬಹುದು, ಇಲ್ಲವೇ ಅಚ್ಚಿನ ದೋಷ (ಅದೂ ಅಪರೂಪವಲ್ಲ).

ಗದ್ಯಾನುವಾದ ಕೊನೆಗೆ ನೋಡಿ. ಮೊದಲೇ ನೋಡಿದರೆ ಪದ್ಯಕ್ಕೆ ಯಾರೂ ಮರಳುವುದಿಲ್ಲ. ವಾಚನದ ಸರದಿ ಮಾತ್ರ ಪ್ರತಿ ವಾರ ಬದಲಾಗಲಿ.